ಅತ್ತೆ ತೆಗೆದ ಕಲೆಗಳು

ಮದುವೆಯ ಮಾತುಕತೆಯಲ್ಲೇ ಒಂದು ಎಡವಟ್ಟಾಗಿತ್ತು. ಹುಡುಗಿಯ ತಾಯಿ ಫೋನಿನಲ್ಲಿ, "ನಮ್ಮ ಹುಡುಗಿ ಓದಿದ್ದೂ ಕಲೆ, ಈಗ ಮಾಡ್ತಿರೋ ಕೆಲಸಾನೂ ಕಲೇದೇ" ಅಂದಳು. ಈ ಕಡೆ ಹುಡುಗನ ತಾಯಿಯ ಕಿವಿ ನೆಟ್ಟಗಾಯಿತು. ಆಕೆ ಲಾಂಡ್ರಿ ಅಂಗಡಿಯವಳು. ಮದುವೆಯಾಗಿ ಬಂದ ದಿನದಿಂದ ಬಟ್ಟೆಯ ಕಲೆ ತೆಗೆಯುತ್ತಲೇ ತಲೆ ನರೆಸಿಕೊಂಡವಳು.

"ಹೌದಾ! ಎಣ್ಣೆ ಕಲೇನಾ?"

"ಮೊದಲು ಎಣ್ಣೇದೂ ಮಾಡ್ತಿದ್ದಳು. ಕೈಯೆಲ್ಲ ಗಲೀಜು ಅಂತ ಬಿಟ್ಟಳು. ಈಗೇನಿದ್ರೂ ಕಂಪ್ಯೂಟರಿನಲ್ಲೇ."

ಫೋನ್ ಇಟ್ಟವಳೇ ಗಂಡನ ಕಡೆ ತಿರುಗಿ, "ಕಂಪ್ಯೂಟರಿನಲ್ಲಿ ಕಲೆ ತೆಗೀತಾಳಂತೆ ಕಣ್ರೀ! ಕಾಲ ಎಲ್ಲಿಗೆ ಬಂತು ನೋಡಿ. ನಮ್ಮನೆಗೆ ಹೇಳಿ ಮಾಡಿಸಿದ ಹುಡುಗಿ" ಅಂದಳು.

ಮಗನಿಗೆ ನಿಜ ಗೊತ್ತಿತ್ತು. ಆದರೆ ತಾನಾಗಿ ಕೂಡಿಬರುತ್ತಿರುವ ಸಂಬಂಧಕ್ಕೆ ತಾನೇ ಕಲ್ಲು ಹಾಕಿಕೊಳ್ಳುವಷ್ಟು ದಡ್ಡನಲ್ಲ ಅವನು. ಬಾಯಿಗೆ ಬೀಗ ಹಾಕಿಕೊಂಡು ಒಗೆಯುವ ಯಂತ್ರದ ಹಿಂದೆ ಹೋಗಿ ಕೂತುಬಿಟ್ಟ.

ಹಾಗಾಗಿ ಅತ್ತೆಗೆ (ಸೊಸೆ ಬಂದ ಮೇಲೆ ಇಡೀ ಬೀದಿಗೇ ಆಕೆ ಅತ್ತೆಯಾದಳು, ನಾವೂ ಹಾಗೇ ಕರೆಯೋಣ) ವಿಷಯ ತಿಳಿದದ್ದು ಮದುವೆಯಾದ ಮೇಲೆ, ಮಹಡಿಯ ಕೋಣೆಗೆ ಕಾಫಿ ಕೊಡಲು ಹೋದಾಗ. ಸೊಸೆ ಮೇಜಿನ ಮೇಲೆ ಓರೆಯಾಗಿ ಮಲಗಿಸಿದ ಪರದೆಗೆ ಪೆನ್ನು ಒತ್ತಿ ಗೀಚುತ್ತಿದ್ದಳು. ಪರದೆಯೊಳಗೆ ಮೂರು ಕಣ್ಣಿನ, ಎಮ್ಮೆಯಂಥ ಏನೋ ಒಂದು ಬಾಯಿ ತೆರೆದು ನಿಂತಿತ್ತು.

"ಇದೇನಮ್ಮ?"

"ಇದೇ ನನ್ನ ಕೆಲಸ ಅತ್ತೆ. ಮಕ್ಕಳ ಕಥೆಪುಸ್ತಕಗಳಿಗೆ ಚಿತ್ರ. ಎಲ್ಲೂ ಇಲ್ಲದ ಪ್ರಾಣಿ, ಎಲ್ಲೂ ಇಲ್ಲದ ಊರು."

"ಮತ್ತೆ ಕಲೆ?"

"ಇದೇ ಕಲೆ!"

ಅತ್ತೆ ಪರದೆಯನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿದಳು. ಕೆಳಗಿಳಿದು ಬಂದು ಇಸ್ತ್ರಿ ಮೇಜಿಗೆ ಆತುಕೊಂಡು ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಕೊನೆಗೆ ಮಾವ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ನೀರು ತಂದು ಕೊಡಬೇಕಾಯಿತು.

ನಕ್ಕಳೇನೋ ನಿಜ, ಆದರೆ ಸೊಸೆಯ ಕೆಲಸ ಮಾತ್ರ ಆಕೆಗೆ ಅರ್ಥವಾಗಲಿಲ್ಲ. ಹುಡುಗಿ ಒಳ್ಳೆಯವಳು, ಮಾತು ಮೆದು, ಊಟಕ್ಕೆ ಕರೆದರೆ ಮೂರನೇ ಕೂಗಿಗಾದರೂ ಬರುತ್ತಾಳೆ. ಆದರೆ ಅವಳ ನಡವಳಿಕೆ ಒಂದೊಂದು ಸಲ ವಿಚಿತ್ರ. ಒಂದು ದಿನ ಹಿತ್ತಲಲ್ಲಿ ಹಳೆಯ ಬಾಯ್ಲರಿನ ಎದುರು ಹೊಟ್ಟೆಯ ಮೇಲೆ ಮಲಗಿ ಅದರ ತುಕ್ಕಿನ ಫೋಟೋ ತೆಗೆಯುತ್ತಿದ್ದಳು. ಇನ್ನೊಂದು ದಿನ ಬಚ್ಚಲಿನ ಪಾಚಿ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ, ಅನ್ನೋ ಗಾದೆ ಅತ್ತೆಯ ನಾಲಿಗೆಯ ತುದಿಗೆ ಬಂದು, ಹೊಸ ಸೊಸೆ ಅಂತ ಹಾಗೇ ಒಳಗೆ ಹೋಯಿತು.

ಅತ್ತೆಗೆ ನಿಜವಾಗಿ ನಾಚಿಕೆ ತರಿಸುತ್ತಿದ್ದದ್ದು ಹಿತ್ತಲ ಗೋಡೆ. ಆವಿಯ ಕೊಳವೆ ಆ ಗೋಡೆಗೆ ಮುಖ ಮಾಡಿ ವರ್ಷಗಟ್ಟಲೆ ಉಸಿರು ಬಿಟ್ಟು ಬಿಟ್ಟು ಬಣ್ಣವೆಲ್ಲ ಹಪ್ಪಳದ ಹಾಗೆ ಎದ್ದಿತ್ತು. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಹಳದಿ, ಮೇಲಿನ ಕಬ್ಬಿಣದ ತೊಲೆಯಿಂದ ಇಳಿದ ತುಕ್ಕಿನ ಧಾರೆ, ಬುಡದಲ್ಲಿ ಬಿಳೀ ಉಪ್ಪು, ಸಂದಿನಲ್ಲಿ ಕಪ್ಪು ಪಾಚಿ. ಊರಿಗೆಲ್ಲ ಬಿಳುಪು ಹಂಚುವವಳ ಬೆನ್ನ ಹಿಂದೆ ಇಂಥ ಗೋಡೆ! ಯಾರಾದರೂ ಹಿತ್ತಲಿಗೆ ಬಂದರೆ ಅತ್ತೆ ಅದಕ್ಕೆ ಅಡ್ಡ ನಿಂತೇ ಮಾತಾಡುತ್ತಿದ್ದಳು.

ಇಷ್ಟರಲ್ಲಿ ಬೀಗರು ಭಾನುವಾರ ಬರುತ್ತೇವೆಂದು ಹೇಳಿಕಳಿಸಿದರು. ಮದುವೆಯ ನಂತರ ಇದೇ ಮೊದಲು. ಅತ್ತೆಗೆ ಕೈಕಾಲು ಆಡಲಿಲ್ಲ. ಅದೇ ವಾರ ಸೊಸೆಗೆ ಪ್ರಕಾಶನದ ಕಚೇರಿಯಲ್ಲಿ ಸಭೆ. ಬೆಳಿಗ್ಗೆ ಹೋದವಳು ಸಂಜೆಗೇ ಬರುವುದು. ಅವಳು ಬಸ್ಸು ಹತ್ತಿದ್ದೇ ತಡ, ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಡೀರಿ, ಇವತ್ತು ಅದೊಂದು ಪೀಡೆ ತೊಲಗಿಸೋಣ. ಹುಡುಗಿ ಬಂದು ನೋಡಿ ಬೆರಗಾಗಬೇಕು."

ಮಗ ಕೆರೆದ, ಮಾವ ತಂತಿಯ ಬ್ರಷ್ಷಿನಲ್ಲಿ ತಿಕ್ಕಿದ, ಅತ್ತೆ ತನ್ನ ಕಪಾಟಿನ ಅತಿ ಉಗ್ರವಾದ ಸೀಸೆಗಳನ್ನೆಲ್ಲ ತಂದು ಎರಚಿದಳು. ಮಧ್ಯಾಹ್ನದ ಹೊತ್ತಿಗೆ ಗೋಡೆ ಬೋಳು. ಮೇಲೆ ಎರಡು ಕೈ ಸುಣ್ಣ ಬಳಿದಾಗ ಬಿಸಿಲು ಅದರ ಮೇಲೆ ಬಿದ್ದು ಕಣ್ಣು ಕೋರೈಸಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು. ಆಹಾ ಅನಿಸಿತು.

ಸೊಸೆ ಬೆರಗಾದದ್ದಂತೂ ನಿಜ. ಚೀಲ ಕೂಡ ಇಳಿಸದೆ ಹಿತ್ತಲ ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು.

"ಅತ್ತೆ… ನನ್ನ ಡ್ರ್ಯಾಗನ್ ಎಲ್ಲಿ?"

"ಯಾರು?"

"ಡ್ರ್ಯಾಗನ್. ರೆಕ್ಕೆ ಇರೋ… ಅದರ ಚರ್ಮ ಈ ಗೋಡೇಲಿತ್ತು."

ಅತ್ತೆಗೆ ತಲೆಬುಡ ತಿಳಿಯಲಿಲ್ಲ. ಆದರೆ ಸೊಸೆಯ ಕೆಳದುಟಿ ಒಂದು ಕ್ಷಣ ನಡುಗಿದ್ದು ಕಣ್ಣಿಗೆ ಬಿತ್ತು. ಮರುಕ್ಷಣವೇ ಹುಡುಗಿ ನಕ್ಕು, "ಎಷ್ಟು ಬೆಳ್ಳಗಾಗಿದೆ! ಎಷ್ಟು ಕಷ್ಟಪಟ್ಟಿದ್ದೀರಿ ಎಲ್ಲ" ಅಂದು ಮೆಟ್ಟಿಲು ಹತ್ತಿ ಹೋದಳು. ಬೈದಿದ್ದರೆ ಅತ್ತೆಗೆ ಇಷ್ಟು ನೋವಾಗುತ್ತಿರಲಿಲ್ಲ. ಆ ನಗು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಕೂತಿತು.

"ಹೋಗಿ ಕೇಳು," ಅಂದ ಮಾವ, ಕೈಯ ಸುಣ್ಣ ತೊಳೆಯುತ್ತ. ಮಾವ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು; ಆಡಿದ್ದು ಮಾತ್ರ ಸರಿಯಾಗಿರುತ್ತಿತ್ತು.

ಅತ್ತೆ ಮಂಡಿ ಹಿಡಿದುಕೊಂಡು ಮಹಡಿ ಹತ್ತಿದಳು. ಸೊಸೆ ಪರದೆಯ ಮುಂದೆ ಕೂತಿದ್ದಳು. ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತು, "ಏನು ಹಾಳುಮಾಡಿದೆ ಅಂತ ನನಗೆ ತೋರಿಸು. ಗೊತ್ತಿಲ್ಲದೆ ಬೇಜಾರು ಪಡೋಕೂ ಆಗ್ತಿಲ್ಲ" ಅಂದಳು.

ಸೊಸೆ ತೋರಿಸಿದಳು. ಬೆಟ್ಟಕ್ಕಿಂತ ಹಳೆಯದಾದ ಒಂದು ಡ್ರ್ಯಾಗನ್ನು ಹಳ್ಳಿಯ ಸುತ್ತ ಸುರುಳಿ ಸುತ್ತಿ ಮಲಗಿದೆ. ಮಕ್ಕಳು ಅದನ್ನು ಗುಡ್ಡವೆಂದುಕೊಂಡು ಹತ್ತಿ ಆಡುತ್ತಿದ್ದಾರೆ. ಪುಸ್ತಕದ ಮುಖಪುಟ. ಚಿತ್ರವೆಲ್ಲ ಬರೀ ಬೂದಿ ಬಣ್ಣದಲ್ಲಿತ್ತು.

"ಬಣ್ಣ ಮುಗಿದುಹೋಯ್ತಾ?"

"ಇಲ್ಲ ಅತ್ತೆ, ಬೇಕಂತಲೇ. ಮೊದಲು ಬೆಳಕೆಲ್ಲಿ, ನೆರಳೆಲ್ಲಿ ಅಂತ ಗಟ್ಟಿ ಮಾಡ್ಕೋಬೇಕು. ಅದು ಸರಿಯಿಲ್ಲದಿದ್ರೆ ಯಾವ ಬಣ್ಣ ಹಾಕಿದ್ರೂ ಹೆಣಕ್ಕೆ ಸಿಂಗಾರ ಮಾಡಿದ ಹಾಗೆ. ಆಮೇಲೆ ಬಣ್ಣ, ಬೇರೆ ಪದರದ ಮೇಲೆ. ನೋಡಿ." ಅವಳು ಬೆರಳಾಡಿಸಿದಳು. ಬೂದಿಯ ಮೇಲೆ ತೆಳ್ಳಗೆ ಹಸಿರು ಹರಡಿತು. ಇನ್ನೊಮ್ಮೆ ಆಡಿಸಿದಳು, ಹಸಿರು ಮಾಯ. "ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟ ಹಾಗೆ. ಯಾವುದನ್ನ ಬೇಕಾದ್ರೂ ತೆಗೀಬಹುದು, ಇಡಬಹುದು. ಕೆಳಗಿಂದು ಕೆಡಲ್ಲ."

"ತಪ್ಪಾದ್ರೆ?"

"ಇಲ್ಲಿ ಒತ್ತಿದ್ರೆ ಆಯ್ತು." ಒಂದು ಕೆಂಪು ಗೆರೆ ಎಳೆದು, ಗುಂಡಿ ಒತ್ತಿ, ಗೆರೆಯನ್ನು ಇಲ್ಲವಾಗಿಸಿದಳು.

ಅತ್ತೆ ದಂಗಾದಳು. "ಅಯ್ಯೋ ನನ್ನ ಕರ್ಮವೇ! ಉಜ್ಜೋದು ಬೇಡ, ನೆನೆಸೋದು ಬೇಡ! ನನ್ನ ರೆಟ್ಟೆ ಬಿದ್ದುಹೋದದ್ದು ಯಾತಕ್ಕೆ ಹಾಗಾದ್ರೆ?"

ಸೊಸೆ ಈಗ ನಿಜವಾಗಿ ನಕ್ಕಳು. ಆಮೇಲೆ ಗೋಡೆಯ ವಿಷಯ ಹೇಳಿದಳು. ಹೀಗೆ ಬಣ್ಣ ಹಾಕಿದ ಡ್ರ್ಯಾಗನ್ನು ಹೊಸ ಪ್ಲಾಸ್ಟಿಕ್ ಬಕೀಟಿನ ಹಾಗೆ ಕಾಣುತ್ತದೆ. ಅದಕ್ಕೆ ವಯಸ್ಸು ಬರಬೇಕಾದರೆ ನಿಜವಾಗಿ ವಯಸ್ಸಾದದ್ದರ ಫೋಟೋ ಒಂದು ಪದರವಾಗಿ ಮೇಲೆ ಹಾಸಬೇಕು. ಗಾಢವಾದದ್ದು ಉಳಿದು ತೆಳುವಾದದ್ದು ಕರಗುವ ಹಾಗೆ ಕೆಳಗಿನ ಬಣ್ಣಕ್ಕೆ ಬೆರೆಸಬೇಕು. ಮೈ ತಿರುಗಿದ ಕಡೆ ಅದನ್ನೂ ಬಾಗಿಸಬೇಕು.

"ಬಾಗಿಸದಿದ್ರೆ?"

"ಗೋಡೆ ಗೋಡೆಯಾಗೇ ಕಾಣುತ್ತೆ."

"ಗೊತ್ತಾಯ್ತು ಬಿಡು. ಚೌಕಳಿ ಅಂಗಿ ತೊಟ್ಟವನ ಮೊಣಕೈ ಹತ್ರ ಚೌಕ ಸೊಟ್ಟಗಾಗುತ್ತಲ್ಲ, ಹಾಗೆ."

"ಹಾಗೇನೇ! ಆಮೇಲೆ ಅದರ ಮೇಲೆ ಕೈಯಿಂದ ಮತ್ತೆ ಬರೀಬೇಕು. ಅರ್ಧ ಅಳಿಸಬೇಕು, ಅರ್ಧ ತಿದ್ದಬೇಕು."

"ಇಂಥ ಫೋಟೋ ಎಲ್ಲೂ ಸಿಗಲ್ವಾ?"

"ಇಂಟರ್ನೆಟ್ಟಿನಲ್ಲಿ ರಾಶಿ ಇದೆ. ಎಲ್ಲರೂ ಅದನ್ನೇ ಹಾಕ್ತಾರೆ. ಹೋದ ಸಲ ನಾನೂ ಹಾಕಿದೆ. ನಮ್ಮ ಪ್ರಕಾಶನದ ಮೇಡಂ ನೋಡಿದವರೇ, 'ಈ ತುಕ್ಕನ್ನ ಈ ತಿಂಗಳೇ ಇನ್ನೆರಡು ರಾಕ್ಷಸರ ಮೈಮೇಲೆ ನೋಡಿದ್ದೀನಿ' ಅಂದ್ರು. ಅದಕ್ಕೇ ಈ ಗೋಡೆ ಅಂದ್ಕೊಂಡಿದ್ದೆ. ಸಂಜೆ ಓರೆ ಬಿಸಿಲು ಬೀಳೋ ದಿನಕ್ಕೆ ಕಾಯ್ತಿದ್ದೆ."

ಅತ್ತೆ ಪರದೆಯ ಮೇಲಿನ ಡ್ರ್ಯಾಗನ್ನನ್ನು ಇನ್ನೊಮ್ಮೆ ಬಗ್ಗಿ ನೋಡಿದಳು. ಆಮೇಲೆ ಆಕೆಯ ಮುಖದಲ್ಲಿ ಏನೋ ಹೊಳೆದಂತಾಯಿತು.

"ಅಂದ್ರೆ, ನಿನಗೆ ಬೇಕಾಗಿರೋದು ಕಲೆ."

"ಹೂಂ."

"ನನ್ನ ಕಲೆ. ನಿನ್ನ ಕಲೆ ಅಲ್ಲ."

"ನನ್ನ ಕಲೆಗೆ ನಿಮ್ಮ ಕಲೆ ಬೇಕು ಅತ್ತೆ."

"ಹುಚ್ಚೀ! ಸಮುದ್ರದ ಪಕ್ಕ ಮನೆ ಮಾಡ್ಕೊಂಡು ಉಪ್ಪಿಗೆ ಬರ ಅಂತ ಕೂತಿದ್ದೀಯಲ್ಲೇ! ಈ ಊರಲ್ಲಿ ಯಾವ ಕಲೆ ಎಲ್ಲಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೆಳಿಗ್ಗೆ ಬೇಗ ಏಳು."

ಮರುದಿನ ಬೆಳಿಗ್ಗೆ ಅಂಗಡಿಯನ್ನು ಗಂಡಸರಿಗೆ ಬಿಟ್ಟು ಅತ್ತೆ ಸೊಸೆ ಹೊರಟರು. ಮೊದಲು ಬ್ರೆಡ್ ಬೇಕರಿ. ಬಿಳೀ ಏಪ್ರನ್ನಿನ ಬೇಕರಿಯವನು ಅತ್ತೆಯನ್ನು ಕಂಡದ್ದೇ ಗಾಬರಿಯಾದ. ಅತ್ತೆ ತಾನಾಗಿ ಅಂಗಡಿಗೆ ಬಂದಳೆಂದರೆ ಬೈಗುಳ ಗ್ಯಾರಂಟಿ.

"ತಟ್ಟೆ ತೊಳೆದಿಲ್ಲ ಅಂತ ಯಾರಾದ್ರೂ ಚಾಡಿ ಹೇಳಿದ್ರಾ ಅತ್ತೆ?"

"ಇಲ್ಲಪ್ಪ. ತೊಳೀಬೇಡ ಅನ್ನೋಕೇ ಬಂದೆ. ಎಲ್ಲಿ, ಅತಿ ಹಳೇದು ತಗಂಬಾ."

ಬೇಕರಿಯವನು ಹೊರತಂದ ತಟ್ಟೆಯ ತಳ ಕರಿ ಕಟ್ಟಿ, ಬಿರಿದು, ಅಲ್ಲಲ್ಲಿ ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಸೊಸೆ ಕೈ ಜೋಡಿಸಿಬಿಟ್ಟಳು. "ಅತ್ತೆ, ಇದು ಕುತ್ತಿಗೆ!"

"ಯಾರ ಕುತ್ತಿಗೆ?" ಅಂದ ಬೇಕರಿಯವನು, ತನ್ನ ಕುತ್ತಿಗೆ ಮುಟ್ಟಿಕೊಂಡು.

ಫೋಟೋ ತೆಗೆಯುವುದನ್ನೂ ಸೊಸೆ ಹೇಳಿಕೊಟ್ಟಳು. ಚಪ್ಪಟೆ ಕಲೆಗಾದರೆ ಮೋಡದ ಬೆಳಕು ಒಳ್ಳೆಯದು, ಉಬ್ಬುತಗ್ಗಿಗಾದರೆ ಓರೆ ಬಿಸಿಲು, ಫ್ಲ್ಯಾಶ್ ಮುಟ್ಟಲೇಬಾರದು, ನೆಟ್ಟಗೆ ಎದುರು ನಿಲ್ಲಬೇಕು. ಅತ್ತೆಯ ಮೊದಲ ಫೋಟೋಗಳಲ್ಲಿ ಅರ್ಧ ಹೆಬ್ಬೆರಳು, ಅರ್ಧ ಆಕೆಯದೇ ತಲೆಯ ನೆರಳು. "ಈ ಕಲೆ ಯಾವುದು ಅತ್ತೆ, ಜಡೆ ಇದೆ?" ಅಂತ ಸೊಸೆ ಕಿಚಾಯಿಸಿದಳು. ಗ್ಯಾರೇಜ್ ಮುಟ್ಟುವ ಹೊತ್ತಿಗೆ ಅತ್ತೆ ಪಳಗಿದ್ದಳು. ನೆಲದ ಮೇಲೆ ಎಣ್ಣೆ ಚೆಲ್ಲಿ ನವಿಲಿನ ಕತ್ತಿನಂತೆ ಹೊಳೆಯುತ್ತಿದ್ದ ಜಾಗಕ್ಕೆ ಮೆಕ್ಯಾನಿಕ್ ಕಾಲಿಡಲು ಹೋದಾಗ, "ಏಯ್, ತುಳೀಬೇಡ! ಮಾಸಿಬಿಡ್ತೀಯ!" ಅಂತ ಗದರಿದಳು. ಜೀವಮಾನವಿಡೀ ತನ್ನ ಅಂಗಿಯ ಎಣ್ಣೆಗೆ ಶಾಪ ಹಾಕಿದವಳು ಎಣ್ಣೆಯನ್ನು ಕಾಯುತ್ತಿರುವುದು ನೋಡಿ ಅವನು ಒಂಟಿಕಾಲಲ್ಲೇ ನಿಂತುಬಿಟ್ಟ.

ಕ್ಷೌರದಂಗಡಿಯಲ್ಲಿ ರಸ ಹೋದ ಕನ್ನಡಿ ಸಿಕ್ಕಿತು. ಬಸ್ ಡಿಪೋದ ಹಿಂದೆ ಬಣ್ಣ ಸುಲಿದ ತಗಡು ಸಿಕ್ಕಿತು. ದಾರಿಯುದ್ದಕ್ಕೂ ಅತ್ತೆ ಮಾತಾಡುತ್ತಲೇ ಇದ್ದಳು. ಮಸಿಯ ಕಲೆಯ ಅಂಚು ಗರಗಸದಂತಿರುತ್ತದೆ, ಚಹಾದ್ದು ಒಳಗೆ ತೆಳು ಅಂಚು ದಟ್ಟ, ಹುಲ್ಲಿನದ್ದು ಒಂದೇ ದಿಕ್ಕಿಗೆ ಎಳೆದಿರುತ್ತದೆ. ತನ್ನ ಶತ್ರುಗಳನ್ನು ಹೀಗೆ ಹೊಗಳುತ್ತ ನಡೆಯುವುದು ಆಕೆಗೇ ಸೋಜಿಗವಾಗಿತ್ತು. ಇಷ್ಟು ವರ್ಷ ಅವನ್ನು ಕಣ್ಣಿಟ್ಟು ನೋಡಿದ್ದು ಓಡಿಸುವುದಕ್ಕೆ. ಚೆನ್ನಾಗಿವೆ ಅಂತ ಹೇಳಲು ಯಾರೂ ಕೇಳಿರಲಿಲ್ಲ.

ಊಟವಾದ ಮೇಲೆ ಮಾವ ಹಿತ್ತಲಿಗೆ ಬಂದವನು ಬಾಗಿಲಲ್ಲೇ ಗಕ್ಕನೆ ನಿಂತ. ಹೆಂಡತಿ ಹಳೆಯದೊಂದು ಬಿಳೀ ಹಾಸುಬಟ್ಟೆಯನ್ನು ಹಗ್ಗಕ್ಕೆ ಬಿಗಿದು ಕಟ್ಟಿ, ಚೊಂಬಿನಿಂದ ಆರಿದ ಚಹಾ ಎರಚುತ್ತಿದ್ದಳು.

"ಹುಷಾರಾಗಿದ್ದೀಯ ತಾನೆ?"

"ರೆಕ್ಕೆ ಮಾಡ್ತಿದ್ದೀನಿ, ಅಡ್ಡ ಬರಬೇಡಿ."

ಡ್ರ್ಯಾಗನ್ನಿನ ರೆಕ್ಕೆ ಬಾವಲಿಯದರಂತೆ ತೆಳುಪೊರೆ, ಹಿಂದಿನ ಬೆಳಕು ಅದರ ಮೂಲಕ ಹಾಯಬೇಕು ಅಂತ ಸೊಸೆ ಅಂದಿದ್ದಳು. ಅತ್ತೆಗೆ ತಕ್ಷಣ ಬಿಸಿಲಿಗೆ ಒಣಹಾಕಿದ ಒದ್ದೆ ಬಟ್ಟೆ ನೆನಪಾಗಿತ್ತು. ಚಹಾ ಇಳಿದ ಕಡೆ ನರಗಳಂತೆ ಕಂದು ಗೆರೆ ಮೂಡಿದವು. ಮೇಲೆ ಉಪ್ಪು ಚಿಮುಕಿಸಿದಾಗ ಹರಳು ಕೂತಲ್ಲೆಲ್ಲ ಸಣ್ಣ ಸಣ್ಣ ನಕ್ಷತ್ರ ಬಿಟ್ಟಿತು. ತುಕ್ಕು ಹಿಡಿದ ಮೊಳೆಗಳನ್ನು ಇನ್ನೊಂದು ಬಟ್ಟೆಯಲ್ಲಿ ಸುತ್ತಿ ನೆನೆಸಿಟ್ಟಳು. ಮಗ ಯಂತ್ರ ನಿಲ್ಲಿಸಿ ಬಂದು ನೋಡಿದ. ತನ್ನ ಅಂಗಿಯ ಮೇಲೆ ಹನಿ ಚಹಾ ಬಿದ್ದರೆ ಊರು ಒಂದು ಮಾಡುತ್ತಿದ್ದ ಅಮ್ಮ ಇವಳೇನಾ ಅಂತ ಬಾಯಿ ಬಿಟ್ಟ.

"ನೋಡ್ತಾ ನಿಲ್ಲಬೇಡ, ಆ ಕಡೆಯಿಂದ ನೀನೂ ಎರಚು," ಅಂದಳು ಅತ್ತೆ.

ಅವನು ಎರಚಿದ. ಚಹಾ ಬಟ್ಟೆ ದಾಟಿ ಸೊಸೆಯ ಮುಖಕ್ಕೆ ಬಿತ್ತು. ಅವಳು ಚೊಂಬು ಕಸಿದು ಅವನ ಬೆನ್ನಟ್ಟಿದಳು. ಹೊಸ ಸುಣ್ಣದ ಗೋಡೆಗೆ ಒಂದು ಉದ್ದನೆಯ ಕಂದು ಧಾರೆ ಹಾರಿ ಅಂಟಿಕೊಂಡಿತು. ಎಲ್ಲರೂ ಉಸಿರು ಬಿಗಿಹಿಡಿದು ಅತ್ತೆಯ ಕಡೆ ನೋಡಿದರು. ಅತ್ತೆ ಹತ್ತಿರ ಹೋಗಿ, ತಲೆ ಓರೆಮಾಡಿ, "ಪರವಾಗಿಲ್ಲ, ಇದೂ ಚೆನ್ನಾಗೇ ಇಳಿದಿದೆ" ಅಂದಳು.

ಈ ಸಂಭ್ರಮದಲ್ಲಿ ಭಾನುವಾರ ಬಂದದ್ದೇ ಯಾರಿಗೂ ಗೊತ್ತಾಗಲಿಲ್ಲ. ಬೀಗರು ಬಂದಾಗ ಹಿತ್ತಲ ತುಂಬ ಕಲೆಯಾದ ಬಟ್ಟೆಗಳೇ ಹಾರಾಡುತ್ತಿದ್ದವು. ಬೀಗಿತ್ತಿ ಒಂದೊಂದನ್ನೇ ನೋಡುತ್ತ ಬಂದಳು. ಮಗಳನ್ನು ಕೊಟ್ಟ ಲಾಂಡ್ರಿಯ ಬಗ್ಗೆ ಅವಳ ಮನಸ್ಸಿನಲ್ಲಿ ಏನು ಓಡುತ್ತಿತ್ತೆಂದು ಮುಖವೇ ಹೇಳುತ್ತಿತ್ತು.

"ಒಗೆಯೋಕೆ… ಬಂದಿರೋದಾ ಇದು?" ಅಂದಳು ಮೆಲ್ಲಗೆ.

"ಒಗೆದು ಬಿಟ್ಟೀರಿ ಮತ್ತೆ!" ಅತ್ತೆ ಅವಳ ಕೈ ಹಿಡಿದು ಸೀದಾ ಮಹಡಿಗೆ ಕರೆದುಕೊಂಡು ಹೋದಳು. ಮಂಡಿನೋವು ನೆನಪಿಗೇ ಬರಲಿಲ್ಲ. ಪರದೆಯ ಮುಂದೆ ಕೂರಿಸಿ ಎಲ್ಲವನ್ನೂ ತಾನೇ ಹೇಳತೊಡಗಿದಳು. "ನೋಡಿ, ಮೊದಲು ಬೂದಿ. ಯಾಕೆ ಬೂದಿ ಹೇಳಿ? ಬೆಳಕು ನೆರಳು ಗಟ್ಟಿಯಾಗಬೇಕು. ಆಮೇಲೆ ಪದರ, ಗಾಜಿನ ಹಾಳೆ ಅಂದ್ಕೊಳ್ಳಿ. ಇದು ಬೇಕರಿಯವನ ತಟ್ಟೆ, ಬಾಗಿಸಿದಾಳೆ, ಕತ್ತು ತಿರುಗಿದೆಯಲ್ಲ ಅದಕ್ಕೆ. ಇದು ನಮ್ಮವರ ಇಸ್ತ್ರಿ ಮೇಜಿನ ಸೀದ ಬಟ್ಟೆ, ಹೊಟ್ಟೆಗೆ ಹಾಕಿದಾಳೆ. ಈ ಕೈ ಇದೆಯಲ್ಲ ನಿಮ್ಮ ಮಗಳದ್ದು, ಇದರ ಮೇಲೆ ಮತ್ತೆ ಎಳೆಎಳೆಯಾಗಿ ಬರೀತಾಳೆ. ಸುಮ್ಮನೆ ಅಂಟಿಸಿದ್ದಲ್ಲ."

ಬೀಗಿತ್ತಿ ಪರದೆಯನ್ನು ನೋಡುತ್ತ ಕೂತಳು. ಹುಡುಗಿ ಚಿಕ್ಕವಳಿದ್ದಾಗಿನಿಂದ ಪುಸ್ತಕದ ಅಂಚಿನಲ್ಲೆಲ್ಲ ಬಾಲ ಕೊಂಬು ಬರೆಯುವುದನ್ನು ಕಂಡವಳು. ಕಂಪ್ಯೂಟರಿನಲ್ಲಿ ಏನೋ ಮಾಡುತ್ತಾಳೆ ಅಂತ ನೆಂಟರಿಗೆಲ್ಲ ಹೇಳಿದವಳು. ಏನು ಮಾಡುತ್ತಾಳೆಂದು ಇವತ್ತೇ ಕೇಳಿದ್ದು, ಅದೂ ಮಗಳ ಅತ್ತೆಯ ಬಾಯಲ್ಲಿ. ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿ, "ನನಗ್ಯಾಕೆ ಯಾವತ್ತೂ ಹೀಗೆ ಹೇಳಲಿಲ್ಲ ನೀನು?" ಅಂದಳು.

"ನೀನು ಗೋಡೆ ಕೆಡಿಸಿದ್ರೆ ಹೇಳ್ತಿದ್ದೆ ಅಮ್ಮ," ಅಂದಳು ಮಗಳು. ಅತ್ತೆ ಕಿಸಕ್ಕನೆ ನಕ್ಕಳು.

ಬೀಗಿತ್ತಿ ಏನೋ ಯೋಚಿಸಿ, ದನಿ ತಗ್ಗಿಸಿ, "ನಮ್ಮನೇಲಿ ತಳ ಸೀದ ಪಾತ್ರೆ ಒಂದಿದೆ. ನಾಚಿಕೆ ಅಂತ ಅಟ್ಟದ ಮೇಲೆ ಬಚ್ಚಿಟ್ಟಿದ್ದೀನಿ. ಬೇಕಾಗುತ್ತಾ?" ಅಂದಳು.

"ಎಷ್ಟು ಸೀದಿದೆ?" ಅಂತ ಅತ್ತೆ ಸೊಸೆ ಒಟ್ಟಿಗೇ ಕೇಳಿದರು.

ಚಿತ್ರ ಮುಗಿದಾಗ ಎಲ್ಲರೂ ಅದರ ಮುಂದೆ ಸೇರಿದರು. ಹಸಿರು, ಕಂದು, ಹೊನ್ನು ಕೂಡಿದ ಆ ಮುದಿ ಮೈ ನಿಜಕ್ಕೂ ಬೆಟ್ಟಕ್ಕಿಂತ ಹಳೆಯದಾಗಿ ಕಾಣುತ್ತಿತ್ತು. ಮಡಿಸಿದ ರೆಕ್ಕೆಯ ಹಿಂದಿನಿಂದ ಬಿಸಿಲು ಸೋಸಿ ಬಂದು ಆಡುವ ಮಕ್ಕಳ ಮೇಲೆ ಬಿದ್ದಿತ್ತು. ಸೊಸೆ ಪೆನ್ನನ್ನು ಅತ್ತೆಯ ಕೈಗಿಟ್ಟು, "ಬಾಲದ ತುದಿಗೆ ಒಂದು ಹುರುಪೆ ನೀವು ಹಾಕಿ" ಅಂದಳು. ಅತ್ತೆ ನಾಲಿಗೆ ಕಚ್ಚಿಕೊಂಡು, ಉಸಿರು ಹಿಡಿದು ಒಂದು ಹುರುಪೆ ಬರೆದಳು. ಅದು ಉಳಿದವುಗಳಿಗಿಂತ ಕೊಂಚ ದೊಡ್ಡದಾಗಿ, ಸೊಟ್ಟಗೆ ಬಂತು. ಮುಪ್ಪಿನಲ್ಲಿ ಎಲ್ಲ ಒಂದೇ ಅಳತೆಗಿದ್ದರೆ ಅದೇ ಸುಳ್ಳು, ಅಂದ ಮಾವ. ಅದು ಆ ದಿನದ ಅವನ ಎರಡನೆಯ ಮಾತು.

ಪ್ರಕಾಶನದ ಮೇಡಂ ಚಿತ್ರ ನೋಡಿ ಸೊಸೆಗೆ ಫೋನ್ ಮಾಡಿದರು. "ಈ ಚರ್ಮ ಎಲ್ಲಿ ಸಿಕ್ತು ನಿನಗೆ? ನಾನಿದನ್ನ ಎಲ್ಲೂ ನೋಡಿಲ್ಲ."

"ನಮ್ಮತ್ತೆ ಕೊಟ್ಟಿದ್ದು ಮೇಡಂ."

"ಅವರು ಕಲಾವಿದೆಯಾ?"

ಸೊಸೆ ಕೆಳಗೆ ಇಣುಕಿದಳು. ಅತ್ತೆ ಒಬ್ಬ ಗಿರಾಕಿಯ ಕೋಟಿನ ತೋಳನ್ನು ಬೆಳಕಿಗೆ ಹಿಡಿದು ಅವನಿಗೆ ಛೀಮಾರಿ ಹಾಕುತ್ತಿದ್ದಳು. "ಹೌದು ಮೇಡಂ," ಅಂದಳು.

ಪುಸ್ತಕ ಅಚ್ಚಾಗಿ ಬಂದ ದಿನ ಲಾಂಡ್ರಿಯಲ್ಲಿ ಬಟ್ಟೆ ಒಗೆಯಲಾಗಲಿಲ್ಲ. ಬೇಕರಿಯವನು ಕುತ್ತಿಗೆ ನೋಡಿ, ಇದು ನನ್ನ ತಟ್ಟೆಯೇ, ಈ ಬಿರುಕು ನನ್ನ ಮಗಳ ಮದುವೆಯ ಕೇಕ್ ಸುಟ್ಟಾಗಿನದು ಅಂತ ಎಲ್ಲರಿಗೂ ತೋರಿಸಿದ. ಕ್ಷೌರಿಕ ಕಣ್ಣು ತನ್ನದೆಂದ. ಬಾಲದ ಹೊಳಪು ನನ್ನ ಗ್ಯಾರೇಜಿನದೆಂದು ಮೆಕ್ಯಾನಿಕ್, ಅಲ್ಲ ಡಿಪೋದ ತಗಡೆಂದು ಬಸ್ ಡ್ರೈವರು, ಜಗಳ ಬಿಡಿಸಲು ಮಗ ನಡುವೆ ನಿಲ್ಲಬೇಕಾಯಿತು. ಮೊದಲ ಪುಟದ ಕೆಳಗೆ ಚಿತ್ರಗಾರ್ತಿಯ ಹೆಸರಿನ ಪಕ್ಕದಲ್ಲೇ ಅತ್ತೆಯ ಹೆಸರೂ ಅಚ್ಚಾಗಿತ್ತು. ಅತ್ತೆ ಅದರ ಮೇಲೆ ಬೆರಳಾಡಿಸಿ, ಬೆರಳು ಶುದ್ಧವಾಗಿದೆಯೇ ಎಂದು ನೋಡಿಕೊಂಡು, ಇನ್ನೊಮ್ಮೆ ಆಡಿಸಿದಳು.

ಗಲಾಟೆಯ ನಡುವೆ ಸೊಸೆ ಹತ್ತಿರ ಬಂದು ಕಿವಿಯಲ್ಲಿ, "ಮುಂದಿನ ಪುಸ್ತಕಕ್ಕೆ ಕಡಲ ರಾಣಿ ಬೇಕಂತೆ ಅತ್ತೆ. ಮೈಯೆಲ್ಲ ಒದ್ದೊದ್ದೆಯಾಗಿ ಬೆಳ್ಳಿ ಬೆಳ್ಳಿ ಹೊಳೀಬೇಕು" ಅಂದಳು.

ಅತ್ತೆ ಯೋಚಿಸಲೂ ಇಲ್ಲ. "ಮೀನಂಗಡಿಯವಳು ಈಗ ಬಾಗಿಲು ಹಾಕ್ತಾಳೆ. ನಡಿ, ನಡಿ, ಬೆಳಕಿದ್ದಾಗಲೇ ಹೋಗೋಣ," ಅಂದವಳೇ ಗುಂಪನ್ನು ಮೊಣಕೈಯಿಂದ ಸರಿಸುತ್ತ ಬೀದಿಗಿಳಿದಳು. ಸೊಸೆ ಫೋನ್ ಹಿಡಿದು ಹಿಂದೆ ಓಡಿದಳು.